ಖ್ಮೈಸನ ಹನ್ನೊಂದು ಚೀಲ

ನಾಬುಲ್‌ನಿಂದ ಕೊರ್ಬಾಕ್ಕೆ ಹೋಗುವ ರಸ್ತೆಯಲ್ಲಿ, ಪಾಪಾಸುಕಳ್ಳಿಯ ಬೇಲಿ ಮುಗಿಯುವ ಕಡೆ ಸಿ ಹಮ್ಮಾದಿಯ ಹರೀಸಾ, ಅಂದರೆ ಒಣಮೆಣಸಿನ ಚಟ್ನಿಯ, ಕಾರ್ಖಾನೆ. ಹೆಸರಿನ ಮುಂದಿನ 'ಸಿ' ಆ ಕಡೆಯ ಮರ್ಯಾದೆಯ ಮಾತು, 'ಯಜಮಾನರು' ಎಂದ ಹಾಗೆ. ಗೇಟು ದಾಟುವ ಮೊದಲೇ ಕಣ್ಣಲ್ಲಿ ನೀರು ಬರುತ್ತದೆ. ಒಣಮೆಣಸಿನಕಾಯಿಯ ಘಾಟಿಗೆ ಹೊಸಬರು ಒಂದು ವಾರ ಸೀನುತ್ತಾರೆ, ಆಮೇಲೆ ಮೂಗು ಸೋತು ಸುಮ್ಮನಾಗುತ್ತದೆ. ಮೂವತ್ತೊಂದು ವರ್ಷ ಅಲ್ಲಿನ ಉಗ್ರಾಣದಲ್ಲಿ ದುಡಿದೂ ಮೂಗು ಉಳಿಸಿಕೊಂಡವಳು ಅಲ್ಜಿಯಾ ಒಬ್ಬಳೇ. ಚೀಲದ ಬಾಯಿ ಬಿಚ್ಚಿ, ಒಂದು ಕಾಯಿ ಮುರಿದು ಮೂಸಿ, ಇದು ಯಾರ ಹೊಲದ್ದು, ಎಷ್ಟು ದಿನ ಬಿಸಿಲು ಕಂಡಿದೆ ಎಂದು ಹೇಳಿಬಿಡುತ್ತಿದ್ದಳು. ಓದು ಬರೆಹ ಬರುತ್ತಿರಲಿಲ್ಲ. ಗುರುತಿಗಿರಲಿ ಎಂದು ಒಬ್ಬೊಬ್ಬ ರೈತನ ಚೀಲಕ್ಕೆ ಒಂದೊಂದು ಬಣ್ಣದ ಉಣ್ಣೆಯ ಎಳೆ ಕಟ್ಟುತ್ತಿದ್ದಳು. ಕಾಯಿಯನ್ನು ನೆನೆಯುವ ತೊಟ್ಟಿಗೆ ಸುರಿದ ಮೇಲೆ ಆ ಎಳೆಯನ್ನೇ ಬಿಚ್ಚಿ, ರುಬ್ಬಿದ್ದು ತುಂಬುವ ಪೀಪಾಯಿಯ ಹಿಡಿಗೆ ಕಟ್ಟುತ್ತಿದ್ದಳು. ಕೆಲಸದ ಹೆಂಗಸರಿಗೆಲ್ಲ ಅವಳು ಖಾಲ್ತಿ, ತಾಯಿಯ ತಂಗಿಯ ಲೆಕ್ಕ.

ರಫ್ಕಾ ಆ ಕಾರ್ಖಾನೆಗೆ ಸೇರಿದ್ದೇ ಅಲ್ಜಿಯಾಳಿಂದ. ಇಬ್ಬರದೂ ಒಂದೇ ಓಣಿ. ಸೂಸ್ ಪಟ್ಟಣದಲ್ಲಿ ಸರಕು, ದಾಸ್ತಾನು ಅಂತೆಲ್ಲ ಓದಿ ಪದವಿ ಹಿಡಿದು ಬಂದವಳು ಎರಡು ವರ್ಷ ಮನೆಯಲ್ಲೇ ಕೂತಿದ್ದಳು. ಸಂದರ್ಶನಕ್ಕೆ ಕರೆದರೆ, ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಎದ್ದು ಬರುವ ಹುಡುಗಿ. ಅವಳ ತಾಯಿಯ ಕೊರಗು ಕೇಳಿ ಕೇಳಿ ಸಾಕಾಗಿ ಅಲ್ಜಿಯಾ ಒಂದು ದಿನ ಕೈ ಒರೆಸಿಕೊಂಡು ಮಾಲೀಕನ ಕೋಣೆಗೆ ಹೋದಳು. ಪ್ರತಿಯೊಂದು ಡಬ್ಬಿಯ ಮೂಲ ತೋರಿಸಿ ಎಂದು ಜರ್ಮನಿಯ ಖರೀದಿದಾರರು ಪಟ್ಟು ಹಿಡಿದಿದ್ದ ಸಮಯ ಅದು. ಸಿ ಹಮ್ಮಾದಿ ಬಾರ್‌ಕೋಡ್ ಯಂತ್ರಗಳನ್ನು ತರಿಸಿ, ನಡೆಸುವವರನ್ನು ಹುಡುಕುತ್ತಿದ್ದ. ನಮ್ಮ ಓಣಿಯಲ್ಲಿ ಒಬ್ಬಳಿದ್ದಾಳೆ, ಓದಿದ್ದಾಳೆ, ಹರಟೆ ಹೊಡೆದು ಕೆಲಸ ಕೆಡಿಸುವವಳಲ್ಲ ಎಂದು ಹೇಳಿ ಒಪ್ಪಿಸಿಕೊಂಡೇ ಬಂದಳು.

ಆ ಕೆಲಸ ರಫ್ಕಾಗೆ ಹಿಡಿಸಿತು. ಚೀಲ ಒಳಗೆ ಬಂದ ಕೂಡಲೇ ಗೆರೆಗಳ ಚೀಟಿ ಅಚ್ಚಾಗಬೇಕು. ತೊಟ್ಟಿಗೆ ಸುರಿಯುವ ಮುಂಚೆ ಆ ಚೀಟಿಯನ್ನು ಸ್ಕ್ಯಾನರ್ ನೋಡಿ 'ಟೀಂ' ಅನ್ನಬೇಕು. ಪೀಪಾಯಿಗೊಂದು ಚೀಟಿ, ಡಬ್ಬಿಗೊಂದು ಚೀಟಿ. ಕೊನೆಗೆ ಯಾವ ಊರಿನ ಅಂಗಡಿಯಲ್ಲಿ ಕೂತ ಡಬ್ಬಿಯಾದರೂ ಸರಿ, ಹಿಂದೆ ಹಿಂದೆ ನಡೆದುಕೊಂಡು ಹೋಗಿ ಯಾರ ಹೊಲದ ಬದುವಿನಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಬಹುದು. ಯಾರನ್ನೂ ಮಾತಾಡಿಸದೆ ಎಲ್ಲವನ್ನೂ ತಿಳಿದುಕೊಳ್ಳುವ ಒಂದು ದಾರಿ ಈ ಭೂಮಿಯ ಮೇಲಿದೆಯೆಂಬುದೇ ಅವಳಿಗೆ ದೊಡ್ಡ ಸಮಾಧಾನವಾಗಿತ್ತು.

ಉಣ್ಣೆ ಎಳೆಗಳು ಹೋಗಬೇಕಾಯಿತು. ತಿನ್ನುವ ಪದಾರ್ಥದ ಹತ್ತಿರ ದಾರ ಕೂದಲು ಸುಳಿಯಬಾರದೆಂದು ಖರೀದಿದಾರರ ನಿಯಮ. ತಪಾಸಣೆಯವರು ಬರುವ ಹಿಂದಿನ ದಿನ ಕತ್ತರಿ ಹಿಡಿದು ಉಗ್ರಾಣಕ್ಕೆ ಬಂದ ರಫ್ಕಾ ಬಾಗಿಲಲ್ಲೇ ನಿಂತಳು. ಅಲ್ಜಿಯಾಳೇ ಕತ್ತರಿ ಇಸಿದುಕೊಂಡು ಒಂದೊಂದಾಗಿ ಕತ್ತರಿಸಿ ಏಪ್ರನ್ನಿನ ಜೇಬಿಗೆ ತುರುಕಿದಳು. ನಿನ್ನ ಗೆರೆ ಇರುವಾಗ ನನ್ನ ದಾರ ಯಾಕೆ ಬೇಕು ಎಂದಳು. ಆ ಮಾತಿನಲ್ಲಿ ಕೊಂಕು ಇತ್ತೇ ಎಂದು ರಫ್ಕಾ ಆಮೇಲೆ ಎಷ್ಟೋ ಸಲ ಯೋಚಿಸಿದ್ದುಂಟು. ಇರಲಿಲ್ಲ.

ತೊಂದರೆ ಶುರುವಾದದ್ದು ಕೆಲಸ ಜೋರಾದ ಮೇಲೆ. ಒಣಮೆಣಸಿನ ಕೆಂಪು ಧೂಳು ಚೀಟಿಯ ಮೇಲೆ ಕೂತರೆ ಗೆರೆ ಮಸುಕಾಗುತ್ತದೆ. ಎಣ್ಣೆ ಕೈ, ಒದ್ದೆ ಕೈ ತಾಗಿದರೆ ಮುಗಿದೇ ಹೋಯಿತು. ಮಂಡಿ ನೋವಿನ ಅಲ್ಜಿಯಾ ಚೀಲವನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದು, ಬಗ್ಗಿ, ಚೀಟಿ ಹುಡುಕಿ, ಒರೆಸಿ, ಪಿಸ್ತೂಲಿನಂಥ ಸ್ಕ್ಯಾನರ್ ಹಿಡಿದರೆ ಅದು ಮೂಕಬಸವನ ಹಾಗೆ ಸುಮ್ಮನಿರುತ್ತಿತ್ತು. ತೊಟ್ಟು ಬಿಡಿಸುವ ಸಾಲಿನ ಹೆಂಗಸರು ಕೈಕಟ್ಟಿ ಕಾಯಬೇಕು. ಅವರಲ್ಲಿ ದುರ್ಸಾಫ್ ಎಂಬವಳ ಬಾಯಿ ಎಲ್ಲರಿಗಿಂತ ಮುಂದೆ. "ಖಾಲ್ತಿ, ಪಿಸ್ತೂಲಲ್ಲಿ ಗುಂಡು ಖಾಲಿಯಾಯ್ತಾ?" ಎಂದು ಕೂಗುವಳು. "ಎಂಜಿನಿಯರಮ್ಮನ್ನ ಕರೀರಿ, ಚೀಲಕ್ಕೆ ಕನ್ನಡಕ ಹಾಕ್ಸಲಿ." ಸಾಲಿಗೆ ಸಾಲೇ ನಗುತ್ತಿತ್ತು. ಅಲ್ಜಿಯಾಳೂ ನಗುತ್ತಿದ್ದಳು. ರಫ್ಕಾಗೆ ಮಾತ್ರ ಆ ನಗು ಕುತ್ತಿಗೆಯ ಹಿಂದೆ ಬಿಸಿಯಾಗಿ ತಾಗುತ್ತಿತ್ತು.

ಹಾಗಾಗಿ ಅವಳೊಂದು ಉಪಾಯ ಮಾಡಿದಳು. ಪ್ರತಿ ಚೀಲಕ್ಕೆ ಎರಡು ಚೀಟಿ ಅಚ್ಚಾಗುತ್ತವೆ, ಒಂದು ಚೀಲಕ್ಕೆ, ಇನ್ನೊಂದು ಕಡತಕ್ಕೆ. ಕಡತದ ಚೀಟಿಗಳನ್ನು ಬಂದ ಕ್ರಮದಲ್ಲಿ ಒಂದು ಹಲಗೆಗೆ ಅಂಟಿಸಿ, ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ, ತೂಕದ ಯಂತ್ರದ ಪಕ್ಕ ಗೋಡೆಗೆ ನೇತುಹಾಕಿದಳು. ಚೀಲದ ಚೀಟಿ ಹುಡುಕುವುದು ಬೇಡ. ಒಂದು ಚೀಲ ಸುರಿದರೆ ಹಲಗೆಯ ಮೇಲಿಂದ ಒಂದು ಗೆರೆ, ಇನ್ನೊಂದು ಸುರಿದರೆ ಅದರ ಕೆಳಗಿನದು. ಓದು ಬಾರದವರಿಗೂ ಸುಲಭ. ಟೀಂ, ಟೀಂ, ಟೀಂ. ಸಂಜೆ ಕಂಪ್ಯೂಟರಿನ ತೆರೆಯಲ್ಲಿ ನೋಡಿದರೆ ಇಪ್ಪತ್ತೆಂಟು ಚೀಲ ಹೋಗಿರಬೇಕಾದಲ್ಲಿ ಇಪ್ಪತ್ತೆಂಟೇ ಹೋಗಿರುತ್ತಿದ್ದವು. ದುರ್ಸಾಫ್ ಗೇಲಿ ಮಾಡಲು ಬೇರೆ ಏನಾದರೂ ಹುಡುಕಿಕೊಳ್ಳಬೇಕಾಯಿತು.

ಆದರೆ ಅಲ್ಜಿಯಾ ಚೀಲ ಆರಿಸುತ್ತಿದ್ದದ್ದು ಮೂಗಿನಿಂದ. ಮೊದಲು ಬಂದದ್ದು ಮೊದಲು ಹೋಗಬೇಕೆಂಬುದು ಯಂತ್ರದ ಲೆಕ್ಕ. ಯಾವುದು ಕಾಯಲಾರದೋ ಅದು ಮೊದಲು ಹೋಗಬೇಕೆಂಬುದು ಅವಳ ಲೆಕ್ಕ. ಹಲಗೆಯ ಮೇಲೆ ಒಬ್ಬನ ಹೆಸರು 'ಟೀಂ' ಎನ್ನುವಾಗ ತೊಟ್ಟಿಗೆ ಬೀಳುತ್ತಿದ್ದದ್ದು ಇನ್ನೊಬ್ಬನ ಮೆಣಸಿನಕಾಯಿ. ರಫ್ಕಾ ಇದನ್ನು ಎರಡನೇ ವಾರವೇ ಕಂಡಳು. ಕಂಡು, ಮೊತ್ತ ಸರಿಹೋಗುತ್ತಿದೆಯಲ್ಲ, ಇರಲಿ ಎಂದುಕೊಂಡಳು. ಹೇಳಬೇಕೆಂದರೆ ಅಲ್ಜಿಯಾಗೆ ಮತ್ತೆ ಬಗ್ಗು ಎನ್ನಬೇಕು, ಸಾಲಿಗೆ ಮತ್ತೆ ಕಾಯಿರಿ ಎನ್ನಬೇಕು. ಅಷ್ಟು ಜನರೆದುರು ಅಷ್ಟು ಮಾತು.

ಡಿಸೆಂಬರ್ ಮೊದಲಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ಉಗ್ರಾಣದ ಉತ್ತರದ ಮೂಲೆಯಲ್ಲಿ ಸೂರು ಸೋರಿತು. ಅದು ಸೋರುತ್ತದೆಂದು ಅಲ್ಜಿಯಾ ಮಾಲೀಕನಿಗೆ ಎರಡು ಸಲ ಹೇಳಿದ್ದಳು. ನೋಡೋಣ, ನೋಡೋಣ ಎಂದೇ ಶರತ್ಕಾಲ ಕಳೆದಿತ್ತು. ಮೂಲೆಯ ಚೀಲಗಳನ್ನು ಅವಳು ಎಳೆದು, ಬಿಚ್ಚಿ ನೋಡಿ, ಬೂಷ್ಟು ಕಾಣದಿದ್ದರಿಂದ ಬಿಸಿಲು ಬಿದ್ದ ದಿನ ಅಂಗಳದಲ್ಲಿ ಹರಡಿ, ಆ ವಾರವೇ ತೊಟ್ಟಿಗೆ ಕಳಿಸಿದಳು. ಯಾರಾದರೂ ಹಾಗೇ ಮಾಡುತ್ತಿದ್ದರು. ಆ ವಾರ ಹಲಗೆಯ ಮೇಲ್ಗಡೆ ಇದ್ದ ಚೀಟಿಗಳು ಮಾತ್ರ ಬೇರೆಯವು. ಮೆಂಜಿಲ್ ತಮೀಮ್‌ನ ಖ್ಮೈಸ್ ಎಂಬ ರೈತನ ಹನ್ನೊಂದು ಚೀಲ ಅವು. ಖ್ಮೈಸ್ ಅಲ್ಜಿಯಾಳ ಒಡಹುಟ್ಟಿದ ತಮ್ಮ.

ಫೆಬ್ರುವರಿ ಕೊನೆಗೆ ಜರ್ಮನಿಯಿಂದ ಪತ್ರ ಬಂತು. ಒಂದು ಬ್ಯಾಚಿನ ಡಬ್ಬಿಗಳಲ್ಲಿ ಬೂಷ್ಟಿನ ವಿಷ ಮಿತಿ ಮೀರಿ ಇದೆಯೆಂದು. ಅದು ಮೂಗಿಗೂ ಸಿಗುವುದಿಲ್ಲ, ನಾಲಗೆಗೂ ಸಿಗುವುದಿಲ್ಲ, ಪ್ರಯೋಗಾಲಯಕ್ಕೆ ಮಾತ್ರ ಸಿಗುತ್ತದೆ. ಮೂಲ ಯಾವುದು ತಿಳಿಸಿ, ಇಲ್ಲವಾದರೆ ಮುಂದಿನ ಸರಕು ಬೇಡ. ಸಿ ಹಮ್ಮಾದಿ ಪತ್ರ ಹಿಡಿದು ರಫ್ಕಾಳ ಮೇಜಿನ ಹಿಂದೆ ನಿಂತ. ಅವಳು ಡಬ್ಬಿಯ ಸಂಖ್ಯೆ ಒತ್ತಿದಳು, ಪೀಪಾಯಿ ಬಂತು, ಪೀಪಾಯಿಯಿಂದ ತೊಟ್ಟಿ, ತೊಟ್ಟಿಯಿಂದ ಚೀಲ. ಹನ್ನೊಂದು ಸಾಲು, ಹನ್ನೊಂದರಲ್ಲೂ ಒಂದೇ ಹೆಸರು. ಸಿ ಹಮ್ಮಾದಿ ಕೈಗಡಿಯಾರ ನೋಡಿಕೊಂಡ. ಮೂರೇ ನಿಮಿಷ ಎಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು. ಹಲಗೆಯ ವಿಷಯ ರಫ್ಕಾ ಆಗಲೇ ಹೇಳಬಹುದಿತ್ತು.

ಮರುದಿನ ಬೆಳಿಗ್ಗೆ ಅಲ್ಜಿಯಾಳನ್ನು ಕೋಣೆಗೆ ಕರೆಸಿದರು. ರಫ್ಕಾ ಆಗಲೇ ಅಲ್ಲಿದ್ದಳು. ಸಿ ಹಮ್ಮಾದಿ ಕಟುವಾಗಿ ಮಾತಾಡುವವನಲ್ಲ. ಕುರ್ಚಿ ತೋರಿಸಿದ, ಚಹಾ ತರಿಸಿದ, ತೆರೆಯನ್ನು ಅವಳ ಕಡೆ ತಿರುಗಿಸಿದ.

"ಖಾಲ್ತಿ, ನಮ್ಮಪ್ಪನ ಕಾಲದಿಂದ ಇದ್ದೀರಿ. ನಿಮ್ಮ ಮೇಲೆ ಅನುಮಾನ ಅಂತಲ್ಲ. ಆದ್ರೆ ನೋಡಿ, ಹನ್ನೊಂದಕ್ಕೆ ಹನ್ನೊಂದೂ ನಿಮ್ಮ ತಮ್ಮನ ಚೀಲ."

"ನನಗೆ ಅದನ್ನ ನೋಡಕ್ಕೆ ಬರಲ್ಲ, ಸಿ ಹಮ್ಮಾದಿ," ಎಂದಳು ಅಲ್ಜಿಯಾ. "ಖ್ಮೈಸನ ಚೀಲ ಆ ವಾರ ನಾನು ಮುಟ್ಟೇ ಇಲ್ಲ. ಒಣ ಗೋಡೆ ಹತ್ರ ಇಟ್ಟಿದ್ದೆ, ಹೊಸ ವರ್ಷ ಆದ್ಮೇಲೇ ತೆಗೆದಿದ್ದು. ಆ ವಾರ ಸುರಿದಿದ್ದು ಸೋರೋ ಮೂಲೇದು."

ಸೋರುವ ಮೂಲೆ ಎಂದಾಗ ಸಿ ಹಮ್ಮಾದಿ ಚಹಾದ ಲೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ. ಖಾಲಿ ಚೀಲಗಳು ಎಂದೋ ಹೋಗಿದ್ದವು. ಪೀಪಾಯಿಗಳನ್ನು ತೊಳೆದು ಮತ್ತೆರಡು ಸಲ ತುಂಬಿಯಾಗಿತ್ತು. ಉಳಿದದ್ದು ತೆರೆಯ ಮೇಲಿನ ಹನ್ನೊಂದು ಸಾಲು ಮತ್ತು ಒಬ್ಬ ಮುದುಕಿಯ ನೆನಪು. ಆತ ರಫ್ಕಾಳ ಕಡೆ ತಿರುಗಿದ.

"ನೀನು ಹೇಳಮ್ಮ. ಯಂತ್ರ ಏನಾದ್ರೂ ತಪ್ಪು ಹೇಳುತ್ತಾ?"

ಅಲ್ಜಿಯಾಳೂ ಅವಳ ಕಡೆ ನೋಡಿದಳು. ಹಲಗೆಯ ವಿಷಯ ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ರಫ್ಕಾಳ ತಲೆಯಲ್ಲಿ ಪೂರ್ತಿ ವಾಕ್ಯ ಸಿದ್ಧವಾಗಿತ್ತು: ಹಲಗೆ ಮಾಡಿದ್ದು ನಾನು, ಆ ಹೆಸರುಗಳು ನಿಜವಲ್ಲ. ಅದರ ಹಿಂದೆಯೇ ಕೆಲಸವಿಲ್ಲದೆ ಮನೆಯಲ್ಲಿ ಕೂತ ಎರಡು ವರ್ಷ, ತಾಯಿಯ ಮುಖ, ಗೇಟಿನಲ್ಲಿ ದುರ್ಸಾಫ್‌ಳ ನಗು ಎಲ್ಲ ಬಂದು ನಿಂತವು.

"ಯಂತ್ರ ತಪ್ಪು ಹೇಳಲ್ಲ," ಎಂದಳು.

ಸುಳ್ಳಲ್ಲ ಅದು. ತೋರಿಸಿದ ಗೆರೆಯನ್ನೇ ಯಂತ್ರ ಓದಿತ್ತು. ಅಷ್ಟು ನಿಜವಾದ ಮಾತನ್ನು ಹುಡುಕಿ ಆಡಿದ್ದೇ ಅವಳನ್ನು ಆಮೇಲೆ ಹೆಚ್ಚು ತಿಂದದ್ದು. ಸುಳ್ಳು ಹೇಳಿದ್ದರೆ ಹೆದರಿಕೆ ಎನ್ನಬಹುದಿತ್ತು.

ಅಲ್ಜಿಯಾ ಇನ್ನೂ ಒಂದು ಗಳಿಗೆ ಕಾದಳು. ಆಮೇಲೆ ಕಣ್ಣು ತೆಗೆದು ತನ್ನ ಕೈ ನೋಡಿಕೊಂಡಳು. ಮೂವತ್ತೊಂದು ವರ್ಷದ ಕೆಂಪು ಉಗುರಿನ ಸಂದಿಯಿಂದ ಹೋಗಿರಲಿಲ್ಲ. ವಯಸ್ಸಾಯಿತು, ಮರೆತಿರಬಹುದು ಎಂದಳು. ಚಹಾ ಕುಡಿಯದೆ ಎದ್ದಳು.

ಖ್ಮೈಸನ ಹೆಸರನ್ನು ರೈತರ ಪಟ್ಟಿಯಿಂದ ಹೊಡೆದುಹಾಕಿ ಜರ್ಮನಿಗೆ ಉತ್ತರ ಹೋಯಿತು. ಎರಡು ವಾರದಲ್ಲಿ ಸರಕಿನ ಲಾರಿ ಹೊರಟಿತು. ಅಲ್ಜಿಯಾಳನ್ನು ಯಾರೂ ಬಿಡು ಎನ್ನಲಿಲ್ಲ; ತಮ್ಮನ ಹಸಿ ಕಾಯಿಯನ್ನು ಒಳಗೆ ತೂರಿಸಿದಳು ಎಂಬ ಮಾತು ಸಾಲಿನಲ್ಲಿ ಹರಿದಾಡಿದಾಗ ತಾನಾಗಿಯೇ ಏಪ್ರನ್ ಮಡಚಿಟ್ಟು ಹೋದಳು. ಅದೇ ದಿನ ರಫ್ಕಾ ಹಲಗೆಯನ್ನು ಇಳಿಸಿ ಒಡೆದು ಕಸಕ್ಕೆ ಹಾಕಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ತಾನೇ ಒದ್ದೆ ಬಟ್ಟೆ ಹಿಡಿದು ಪ್ರತಿ ಚೀಲದ ಚೀಟಿ ಒರೆಸಿ ಒಂದೊಂದಾಗಿ ಓದಿಸಿದಳು. ಸಾಲು ಕಾಯಬೇಕಾಯಿತು. ದುರ್ಸಾಫ್ ಬೈದಳು. ರಫ್ಕಾಗೆ ಈಗ ಬಿಸಿ ತಾಗಲಿಲ್ಲ. ಇಷ್ಟೇ ಆಗಿತ್ತಲ್ಲ, ಇದಕ್ಕೇ ಹೆದರಿದೆನಲ್ಲ ಎಂದು ದಿನಕ್ಕೆ ಇಪ್ಪತ್ತೆಂಟು ಸಲ ಅನ್ನಿಸುತ್ತಿತ್ತು.

ಓಣಿಯಲ್ಲಿ ಅಲ್ಜಿಯಾಳ ಮನೆ ಮುಂದೆ ಹಾದು ಹೋಗದಿರಲು ಮಸೀದಿಯ ಹಿಂದಿನಿಂದ ಸುತ್ತಿ ಬರುವುದನ್ನು ರೂಢಿ ಮಾಡಿಕೊಂಡಳು. ರಂಜಾನ್ ಬಂತು, ಹೋಯಿತು. ತಾಯಿ ಕೊಟ್ಟ ಹಬ್ಬದ ಸಿಹಿತಿಂಡಿಯ ತಟ್ಟೆಯನ್ನು ಪಕ್ಕದ ಮನೆಯ ಹೆಂಗಸಿನ ಕೈಯಲ್ಲಿ ಕಳಿಸಿದಳು.

ಸೆಪ್ಟೆಂಬರ್‌ನಲ್ಲಿ, ಹೊಸ ಮೆಣಸಿನಕಾಯಿ ಬರುವ ಹೊತ್ತಿಗೆ, ಆ ಸೀಮೆಯ ಇನ್ನೂ ಮೂವರು ಹರೀಸಾ ಮಾಲೀಕರು ಕಾರ್ಖಾನೆ ನೋಡಲು ಬಂದರು. ಯಂತ್ರ ಹೇಗೆ ನಡೆಯುತ್ತದೆಂದು ತೋರಿಸು ಎಂದ ಸಿ ಹಮ್ಮಾದಿ. ಯಾವ ಬ್ಯಾಚು ತೋರಿಸಬೇಕೆಂದೂ ಆತನೇ ಹೇಳಿದ. ಅದೇ ಬ್ಯಾಚು. ರಫ್ಕಾಳ ಬೆರಳು ಒತ್ತಿತು. ಡಬ್ಬಿ, ಪೀಪಾಯಿ, ತೊಟ್ಟಿ, ಚೀಲ. ಮೂವರೂ ಬಗ್ಗಿ ಹೆಸರು ಓದಿದರು. ಅವರಲ್ಲೊಬ್ಬ, ಮೆಂಜಿಲ್ ತಮೀಮ್‌ನ ಖ್ಮೈಸ್ ತಾನೆ, ಮೊನ್ನೆ ನಮ್ಮ ಕಡೆಗೂ ಬಂದಿದ್ದ, ಬೇಡ ಎಂದು ಕಳಿಸಿದೆವು ಎಂದ. ಎಲ್ಲರೂ ತಲೆದೂಗಿದರು. ಮಾಡಿದ ತಪ್ಪು ಆರು ತಿಂಗಳ ಹಿಂದೆ ಮುಗಿದುಹೋಯಿತೆಂದು ತಿಳಿದಿದ್ದ ರಫ್ಕಾಗೆ, ಅದನ್ನು ತಾನು ಈಗಷ್ಟೇ ಇನ್ನೊಮ್ಮೆ ಮಾಡಿದೆನೆಂದು ತಿಳಿಯಿತು.

ಅತಿಥಿಗಳ ಕಾರು ಗೇಟು ದಾಟಿದ ಮೇಲೆ ಅವಳು ಕೋಣೆಗೆ ಹೋಗಿ ನಿಂತೇ ಎಲ್ಲ ಹೇಳಿದಳು. ಹಲಗೆ, ಚೀಟಿಗಳ ಕ್ರಮ, ಮಳೆ, ಮೂಲೆ. ಹೇಳಿ ಮುಗಿಸಲು ಮೂರು ನಿಮಿಷವೂ ಬೇಕಾಗಲಿಲ್ಲ. ಸಿ ಹಮ್ಮಾದಿ ಕಿಟಕಿಯ ಹೊರಗೆ, ಮಾರ್ಚ್‌ನಲ್ಲಿ ಹೊಸದಾಗಿ ಹೊದಿಸಿದ ಉಗ್ರಾಣದ ಸೂರನ್ನು ನೋಡಿದ.

"ಜರ್ಮನಿಯವರಿಗೆ ಉತ್ತರ ಕೊಟ್ಟಾಗಿದೆ," ಎಂದ. "ಈ ಉತ್ತರ ತಪ್ಪು ಅಂದ್ರೆ, ಇಲ್ಲೀವರೆಗಿನ ಎಲ್ಲಾ ಉತ್ತರಾನೂ ತಪ್ಪು ಅಂತಾರೆ. ಅರವತ್ತು ಮನೆ ಒಲೆ ಉರೀತಿದೆ ಇಲ್ಲಿ. ನೀನು ಹೇಳಿಲ್ಲ, ನಾನು ಕೇಳಿಲ್ಲ. ಹೋಗಮ್ಮ, ಕೆಲಸ ನೋಡ್ಕೋ."

ಕೆಲಸದಿಂದ ತೆಗೆಯಲಿಲ್ಲ. ತೆಗೆಯುತ್ತಾರೆಂದು ಹೆದರಿ ಆರು ತಿಂಗಳು ಬಾಯಿ ಮುಚ್ಚಿಕೊಂಡವಳು ಮೇಜಿಗೆ ಹಿಂತಿರುಗಿ ಕೂತಳು. ಎದುರಿಗೆ ಅದೇ ತೆರೆ.

ಆ ಸಂಜೆ ಮಸೀದಿಯ ಹಿಂದಿನಿಂದ ಸುತ್ತಲಿಲ್ಲ. ಅಲ್ಜಿಯಾ ಹೊಸಿಲ ಬಳಿ ಚಾಪೆ ಹಾಕಿ ಶಾಜೀರಿಗೆ ಆರಿಸುತ್ತಿದ್ದಳು. ಬಾ ಎಂದಳು, ನಿನ್ನೆ ತಾನೇ ಬಂದು ಹೋದವಳನ್ನು ಕರೆಯುವ ಹಾಗೆ. ಒಳಗಿಂದ ಚಹಾ ತಂದಳು. ರಫ್ಕಾ ಲೋಟ ಹಿಡಿದು ಕೂತು, ಮಾಲೀಕನಿಗೆ ಹೇಳಿದ್ದನ್ನೂ ಆತ ಅಂದದ್ದನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು.

"ಹಲಗೆ ವಿಷಯ ಅವತ್ತು ನೀವ್ಯಾಕೆ ಹೇಳಲಿಲ್ಲ, ಖಾಲ್ತಿ?"

"ಸೇರಿಸಿದೋಳೂ ನಾನೇ, ಹೊರಗೆ ಹಾಕಿಸೋಳೂ ನಾನೇನಾ? ನೀನೇ ಹೇಳ್ತೀಯ ಅಂತ ಕಾದೆ." ಅಲ್ಜಿಯಾ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆಸೆದಳು. "ಆಮೇಲೆ ನಿನ್ನ ಮುಖ ನೋಡಿದೆ. ಒಳ್ಳೇ ಕಟುಕನ ಮುಂದೆ ನಿಂತ ಕುರಿಮರಿ. ಹೋಗ್ಲಿ ಬಿಡು ಅನ್ನಿಸ್ತು."

ರಫ್ಕಾ ಕ್ಷಮೆ ಕೇಳಲು ಬಾಯಿ ತೆರೆದಳು. ಅಲ್ಜಿಯಾ ಕೈಯೆತ್ತಿ ತಡೆದಳು.

"ನನ್ನದೇನು ಹೋಯ್ತು, ಮಂಡಿ ನೋವು ಹೋಯ್ತು ಅಷ್ಟೆ. ಖ್ಮೈಸ್ ನನ್ನ ಹೊಸಿಲು ತುಳಿದು ಆರು ತಿಂಗಳಾಯ್ತು. ಅಕ್ಕ ಆಗಿ ನನ್ನ ಪರ ನಿಲ್ಲಲಿಲ್ಲ ಅಂತ ಅವನಿಗೆ ಸಿಟ್ಟು. ನಾನು ಹೇಳಿದ್ರೆ ತಮ್ಮನ ಮೇಲಿನ ಪ್ರೀತಿಗೆ ಹೇಳ್ತಾಳೆ ಅಂತಾನೆ. ನೀನು ಹೇಳು."

ಶುಕ್ರವಾರ ಇಬ್ಬರೂ ಬಾಡಿಗೆ ವ್ಯಾನು ಹತ್ತಿದರು. ಮೆಂಜಿಲ್ ತಮೀಮ್ ದಾರಿಯುದ್ದಕ್ಕೂ ಮನೆಗಳ ಸುಣ್ಣದ ಗೋಡೆಗೆ ಪೋಣಿಸಿದ ಮೆಣಸಿನಕಾಯಿಯ ಸರಗಳು, ಸೂರಿನಿಂದ ಮೊಣಕಾಲೆತ್ತರದವರೆಗೂ ಕೆಂಪು. ಖ್ಮೈಸನ ಮನೆಯನ್ನು ತೋರಿಸಬೇಕಾಗಲಿಲ್ಲ. ಆ ಸಾಲಿನಲ್ಲಿ ಅದೊಂದರ ಗೋಡೆಯೇ ಬರೀ ಬಿಳಿ.

ಖ್ಮೈಸ್ ಸ್ಟ್ರಾಬೆರಿಗೆಂದು ಪಾತಿ ಮಾಡುತ್ತಿದ್ದ. ಅಕ್ಕನನ್ನು ಕಂಡು ಗುದ್ದಲಿ ಬಿಡಲಿಲ್ಲ. "ಏನು, ದಾರಿ ತಪ್ಪಿ ಬಂದ್ಯಾ?" ಎಂದ. ಈ ಹುಡುಗಿಯ ಮಾತು ಕೇಳು, ಆಮೇಲೆ ಬೈಯಿ ಎಂದಳು ಅಲ್ಜಿಯಾ. ರಫ್ಕಾ ಬದುವಿನ ಮೇಲೆ ನಿಂತು ಹೇಳಿದಳು. ಯಂತ್ರ, ಚೀಟಿ, ಹಲಗೆ ಎಂದರೆ ಅವನಿಗೆ ಅರ್ಥವಾಗುವುದೋ ಇಲ್ಲವೋ ಎಂದುಕೊಂಡಿದ್ದಳು. ಅವನಿಗೆ ಬೇಕಾದ್ದು ಒಂದೇ ಆಗಿತ್ತು.

"ಹಾಗಾದ್ರೆ ನಮ್ಮ ಕಾಯಿ ಕೆಟ್ಟಿರಲಿಲ್ಲ."

"ಇಲ್ಲ. ನಿಮ್ಮ ಕಾಯಿ ಅದರಲ್ಲಿ ಇರ್ಲೇ ಇಲ್ಲ."

ಅವನ ಮುಖದಲ್ಲಿ ಸಿಟ್ಟು ಏರುತ್ತದೆಂದು ರಫ್ಕಾ ಕಾದಳು. ಏರಲಿಲ್ಲ. ಖ್ಮೈಸ್ ಗುದ್ದಲಿಯ ಹಿಡಿಯ ಮೇಲೆ ಭಾರ ಹಾಕಿ ನಿಂತ. ಕಾಯಿ ಒಣಗಿಸಿದ್ದು ಹೆಂಡತಿ ಶೆದ್ಲಿಯಾ ಎಂದ. ಕಾರ್ಖಾನೆಯ ಪತ್ರ ಬಂದಾಗ ನಾನೂ ನಂಬಿದ್ದೆ. ನೀನು ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತರಲಿಲ್ಲ, ಸೋಮಾರಿತನ ಮಾಡಿ ಮನೆತನದ ಹೆಸರು ಕಳೆದೆ ಎಂದು ಅಣ್ಣತಮ್ಮಂದಿರೆಲ್ಲರ ಮುಂದೆ ಅವಳಿಗೆ ಅಂದುಬಿಟ್ಟೆ. ಅವಳು ಕುರಾನ್ ಮುಟ್ಟಿ ಆಣೆಯಿಟ್ಟಳು. ಯಂತ್ರ ಸುಳ್ಳು ಹೇಳುತ್ತದಾ ಎಂದು ಕೇಳಿದೆ.

ಇಷ್ಟು ಹೇಳಿ ಅವನು ಮನೆಯ ಕಡೆ ನಡೆದ. ಇಬ್ಬರೂ ಹಿಂದೆ ಹೋದರು. ಹಿತ್ತಲ ಮಣ್ಣಿನ ಒಲೆಯ ಮುಂದೆ ಶೆದ್ಲಿಯಾ ರೊಟ್ಟಿ ತಟ್ಟುತ್ತಿದ್ದಳು. ತೆಳ್ಳಗಿನ ಹೆಂಗಸು, ತೋಳಿನ ಮೇಲೆಲ್ಲ ಒಲೆಯ ಸುಟ್ಟ ಗೆರೆ. ಗಂಡನ ಅಕ್ಕನನ್ನು ಕಂಡು ತಲೆಯ ಬಟ್ಟೆ ಸರಿಮಾಡಿಕೊಂಡಳು. ಗಂಡನ ಕಡೆ ನೋಡಲಿಲ್ಲ. ನೋಡದೆ ಅಭ್ಯಾಸವಾಗಿದೆಯೆಂದು ಕಂಡವರಿಗೆ ತಿಳಿಯುತ್ತಿತ್ತು.

ರಫ್ಕಾ ನಾಲ್ಕನೇ ಸಲ ಹೇಳಿದಳು. ಪ್ರತಿ ಸಲ ಹೇಳಿದಾಗಲೂ ಮಾತು ಚಿಕ್ಕದಾಗುತ್ತ ಬಂದಿತ್ತು. ಈ ಸಲ ಯಂತ್ರವೂ ಇರಲಿಲ್ಲ, ಮಳೆಯೂ ಇರಲಿಲ್ಲ. ತಪ್ಪು ನನ್ನದು, ನಿಮ್ಮ ಕಾಯಿ ಚೆನ್ನಾಗಿತ್ತು, ಗೊತ್ತಿದ್ದೂ ನಾನು ಸುಮ್ಮನಿದ್ದೆ ಎಂದಳು.

ಶೆದ್ಲಿಯಾ ಕೈಯ ಹಿಟ್ಟನ್ನು ತಟ್ಟೆಯ ಅಂಚಿಗೆ ಒರೆಸಿದಳು. ಕೆಂಡದ ಬಿಸಿಗೆ ಕೆಂಪಾದ ಮುಖ ಎತ್ತಿದಳು.

"ದಿನಾ ಸಂಜೆ ಒಳಗೆ ತಂದಿದ್ದೆ," ಎಂದಳು. "ನಲವತ್ತು ದಿನ. ಕಂಬಳಿ ಮುಚ್ಚಿ ಇಟ್ಟಿದ್ದೆ. ಅದನ್ನೂ ಸೇರಿಸಿ ಇನ್ನೊಂದ್ಸಲ ಹೇಳು. ಇವರು ಕೇಳಲಿ."

ಅಲ್ಜಿಯಾ ಮುಖ ಅತ್ತ ತಿರುಗಿಸಿಕೊಂಡಳು. ಖ್ಮೈಸ್ ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ತಲೆಯ ಮೇಲಿನ ಕೆಂಪು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ರಫ್ಕಾ ಅವನ ಕಡೆ ತಿರುಗಿ, ನಲವತ್ತು ದಿನವೂ ಸಂಜೆ ಒಳಗೆ ತಂದಿದ್ದರು, ಕಂಬಳಿ ಮುಚ್ಚಿದ್ದರು ಎಂಬಲ್ಲಿಂದ ಶುರು ಮಾಡಿದಳು.